ಸಮುದ್ರದಾಚೆಯ ಕೊಳಗ

ಹೋದ ತಿಂಗಳು ತೀರ್ಥಹಳ್ಳಿಯಲ್ಲಿ ನಡೆದ ಕಾರ್ಯಕರ್ತರ ಸಭೆಯಲ್ಲಿ ಹಿರಿಯ ಗೆಳೆಯರೊಬ್ಬರು ಎದ್ದು ನಿಂತು ನನ್ನ ಮೇಲೆ ಆರೋಪ ಹೊರಿಸಿದರು. "ಸ್ವದೇಶಿ, ಸಣ್ಣ ಯಂತ್ರ, ಕನ್ನಡ ಎಂದು ಊರೂರು ತಿರುಗಿ ಭಾಷಣ ಬಿಗಿಯುವ ಮೇಷ್ಟ್ರು ಪಕ್ಷದ ದುಡ್ಡಿನಲ್ಲಿ ಚೀನಾದಿಂದ ಕೀಬೋರ್ಡು ತರಿಸಿದ್ದಾರಂತೆ. ಅದರ ಮೇಲೆ ಒಂದೂ ಕನ್ನಡ ಅಕ್ಷರವಿಲ್ಲವಂತೆ. ಬಂದ ದಿನವೇ ಕೆಟ್ಟಿತ್ತಂತೆ. ಇದಕ್ಕೆ ಮೇಷ್ಟ್ರ ಉತ್ತರವೇನು?"

ಸಭೆ ನಕ್ಕಿತು. ನಾನೂ ನಕ್ಕೆ. ಆದರೆ ರಾತ್ರಿ ಹೊಸನಗರದ ಬಸ್ಸು ಹತ್ತಿ ಕುಳಿತಾಗ ಆ ನಗು ಉಳಿದಿರಲಿಲ್ಲ. ಆರೋಪ ಮೂರು, ಮೂರೂ ನಿಜ. ಐದು ರೂಪಾಯಿ, ಹತ್ತು ರೂಪಾಯಿ ಚಂದಾ ಕೊಟ್ಟ ಒಕ್ಕಲುಮಕ್ಕಳಿಗೆ ಲೆಕ್ಕ ಕೇಳುವ ಹಕ್ಕಿದೆ. ಆದುದರಿಂದ ಲೆಕ್ಕವನ್ನು ಸಭೆಯ ಮೂಲೆಯಲ್ಲಿ ಪಿಸುಗುಟ್ಟದೆ ಪತ್ರಿಕೆಯಲ್ಲಿಯೇ ಒಪ್ಪಿಸುತ್ತಿದ್ದೇನೆ. ತಪ್ಪು ಇದ್ದಲ್ಲಿ ಒಪ್ಪಿಕೊಳ್ಳುತ್ತೇನೆ. ತಪ್ಪು ನನ್ನದಲ್ಲದ ಕಡೆ ಅದು ಯಾರದೆಂದು ಹೇಳುತ್ತೇನೆ.

ಕೀಬೋರ್ಡು ಏತಕ್ಕೆ?

ಮೊದಲನೆಯದಾಗಿ, ನಮ್ಮ ಕಚೇರಿಯಲ್ಲಿ ಕೀಲಿಮಣೆಯ ಕೆಲಸವೇನು ಎಂದು ತಿಳಿಯದವರು ತಿಳಿಯಬೇಕು. ಬಗರ್ ಹುಕುಂ ಸಾಗುವಳಿದಾರರ 50, 53, 57ನೆಯ ನಮೂನೆಗಳ ಬೆನ್ನು ಹತ್ತಿದ ಜನ ನಮ್ಮಲ್ಲಿಗೆ ಬರುತ್ತಾರೆ. 2006ರ ಅರಣ್ಯ ಹಕ್ಕು ಕಾಯಿದೆಯಡಿ ಅರ್ಜಿ ಕೊಟ್ಟು, ಮೂರು ತಲೆಮಾರಿನ ವಾಸಕ್ಕೆ ಪುರಾವೆ ಹುಡುಕುವವರು ಬರುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಮೇಲೇರಿದಾಗ ಮನೆ ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಬರುತ್ತಾರೆ. ಇವರೆಲ್ಲರ ಕೈಯಲ್ಲಿರುವುದು ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಹಳೆಯ ಕಾಗದ. ಬಾಯಲ್ಲಿರುವುದು ಕಥೆ. ಆ ಕಥೆ ಅರ್ಜಿಯಾಗದೆ ಯಾವ ಕಚೇರಿಯ ಮೇಜಿಗೂ ಏರುವುದಿಲ್ಲ. ಹೊರಗೆ ಟೈಪು ಮಾಡಿಸಿದರೆ ಪುಟಕ್ಕೆ ಇಷ್ಟು ಎಂದು ತೆರಬೇಕು. ಒಂದು ತಪ್ಪು ತಿದ್ದಿಸಬೇಕಾದರೆ ಮತ್ತೊಮ್ಮೆ ತೆರಬೇಕು. ಒಂದು ದಿನದ ಕೂಲಿ ಅಲ್ಲಿಯೇ ಕರಗುತ್ತದೆ.

ಈ ಕೆಲಸವನ್ನು ನಮ್ಮ ಕಚೇರಿಯಲ್ಲಿ ಒಬ್ಬ ತಂಗಿ ಮಾಡುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ಅರ್ಜಿ, ಜ್ಞಾಪಕ ಪತ್ರ, ಮೇಲ್ಮನವಿ. ಅವಳ ಎದುರಿಗಿದ್ದದ್ದು ಅಗ್ಗದ ರಬ್ಬರು ಹಾಳೆಯ ಕೀಬೋರ್ಡು. ಅದರ ಒಳಗೆ ಏನಿದೆ ಎಂದು ನಾನು ಬಿಚ್ಚಿ ನೋಡಿದ್ದೇನೆ. ಮೇಲೆ ರಬ್ಬರಿನ ಗುಮ್ಮಟಗಳು. ಕೆಳಗೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಗಳು, ಅವುಗಳ ಮೇಲೆ ವಿದ್ಯುತ್ತು ಹರಿಯುವ ಗೆರೆಗಳನ್ನು ಅಚ್ಚು ಹಾಕಿದ್ದಾರೆ. ಗುಂಡಿ ಒತ್ತಿದರೆ ಗುಮ್ಮಟ ಕುಸಿದು ಹಾಳೆ ಹಾಳೆಗೆ ತಾಗುತ್ತದೆ, ಅಕ್ಷರ ಮೂಡುತ್ತದೆ. ಆಗುಂಬೆ, ಹುಲಿಕಲ್ಲುಗಳ ಮಳೆಯ ಸೀಮೆಯಲ್ಲಿ, ಗೋಡೆಗೆ ಬೂಷ್ಟು ಹಿಡಿಯುವ ಆಷಾಢದಲ್ಲಿ ಈ ಗೆರೆಗಳು ಎಷ್ಟು ದಿನ ಬಾಳುತ್ತವೆ? ಒಂದು ಗೆರೆ ಸತ್ತರೆ ಸಾಲಿಗೆ ಸಾಲೇ ಗುಂಡಿ ಸಾಯುತ್ತದೆ. ರಿಪೇರಿ ಎಂಬುದಿಲ್ಲ, ಎಸೆಯುವುದೊಂದೇ ದಾರಿ. ಎರಡು ವರ್ಷದಲ್ಲಿ ಮೂರು ಎಸೆದಿದ್ದೇವೆ.

ಮೂರನೆಯದನ್ನು ಎಸೆದ ಕಾರಣ ಕೇಳಿ. ಅದರಲ್ಲಿ ಒಂದರ ಅಂಕಿಯ ಗುಂಡಿ ಒಮ್ಮೆ ಒತ್ತಿದರೆ ಮೂಡುವುದು, ಒಮ್ಮೆ ಮೂಡದಿರುವುದು. ಹೊಸನಗರ ತಾಲ್ಲೂಕಿನ ಒಬ್ಬ ವಿಧವೆ ತಾಯಿಯ ಅರ್ಜಿಯಲ್ಲಿ ಸರ್ವೆ ನಂಬರ್ 117 ಎಂಬುದು 17 ಎಂದು ಅಚ್ಚಾಗಿ ಹೋಯಿತು. ನಾವು ನೋಡಲಿಲ್ಲ. ಆ ತಾಯಿಗೆ ಓದು ಬಾರದು. ಅರ್ಜಿ ತಿರಸ್ಕೃತವಾಗಿ ಬಂತು. ಮತ್ತೆ ಬರೆದು, ಮತ್ತೆ ಬಸ್ಸು ಹಿಡಿದು, ಮತ್ತೆ ಸಾಲಿನಲ್ಲಿ ನಿಂತು ಸರಿಪಡಿಸಬೇಕಾದರೆ ಅವರ ನಾಲ್ಕು ದಿನದ ಕೂಲಿ ಹೋಯಿತು. ಆ ದಿನ ತಂಗಿ ಅತ್ತಳು. "ಮೇಷ್ಟ್ರೆ, ನನ್ನ ಕೈ ತಪ್ಪಿದ್ದಲ್ಲ, ಗುಂಡಿ ತಪ್ಪಿದ್ದು, ಆದರೆ ಆ ಅಮ್ಮನಿಗೆ ನಾನು ಹಾಗೆಂದು ಹೇಗೆ ಹೇಳಲಿ?" ಎಂದಳು.

ಮೆಕ್ಯಾನಿಕಲ್ ಕೀಬೋರ್ಡು ತರಿಸೋಣ ಎಂದು ನಾನು ತೀರ್ಮಾನಿಸಿದ್ದು ಆ ದಿನ. ಇದು ಷೋಕಿಯ ಸಾಮಾನಲ್ಲ ಮಿತ್ರರೆ. ಇದರಲ್ಲಿ ಒಂದೊಂದು ಗುಂಡಿಗೂ ಅದರದೇ ಸ್ಪ್ರಿಂಗು, ಅದರದೇ ಲೋಹದ ತಗಡು, ಅದರದೇ ಸ್ವಿಚ್ಚು. ಒಂದು ಕೆಟ್ಟರೆ ಒಂದೇ ಕೆಡುತ್ತದೆ. ಕೆಟ್ಟದ್ದನ್ನು ಬದಲಾಯಿಸಬಹುದು. ಹಳೆಯ ಟೈಪ್‌ರೈಟರಿನ ಗುಣ ಇದಕ್ಕೆ ಬಂದಿದೆ ಎನ್ನಬಹುದು. ಜರ್ಮನಿಯ ಚೆರಿ ಎಂಬ ಕಾರ್ಖಾನೆ 1980ರ ದಶಕದಲ್ಲಿ ಇಂಥ ಒಂದು ಸ್ವಿಚ್ಚನ್ನು ಮಾರುಕಟ್ಟೆಗೆ ತಂದಿತು. ಅದರ ಪೇಟೆಂಟಿನ ಅವಧಿ ತೀರಿದ ಮೇಲೆ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ಕಾರ್ಖಾನೆಗಳು ಅದೇ ಮಾದರಿಯನ್ನು ಅಗ್ಗವಾಗಿ ಮಾಡತೊಡಗಿದವು. ಸಾವಿರಾರು ರೂಪಾಯಿಯ ಸಾಮಾನು ಬಡವನ ಕೈಗೆಟಕುವಂತೆ ಕಂಡದ್ದು ಹೀಗೆ. ಕಂಡದ್ದು ಎನ್ನುತ್ತೇನೆ, ಎಟಕಿದ್ದು ಎನ್ನುವುದಿಲ್ಲ.

ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಸಮುದ್ರದಾಚೆಯ ಮಾರಾಟಗಾರನೊಬ್ಬ ತನ್ನ ಪರದೆಯ ಮೇಲೆ ತೋರಿಸಿದ ಬೆಲೆ 2,150 ರೂಪಾಯಿ. ದೊಡ್ಡ ಅಂಕಿ, ಕೆಂಪು ಬಣ್ಣ, "ಇಂದು ಮಾತ್ರ" ಎಂಬ ಬೆದರಿಕೆ. ಒಪ್ಪಿ ಮುಂದಿನ ಪುಟಕ್ಕೆ ಹೋದರೆ ಸಾಗಣೆ 640. ಪರದೇಶದ ನಾಣ್ಯಕ್ಕೆ ಬದಲಾಯಿಸಿದ್ದಕ್ಕೆ ಬ್ಯಾಂಕಿನ ಪಾಲು 95. ಆರು ವಾರ ಕಳೆದು ಪಾರ್ಸೆಲ್ಲು ಈ ದೇಶ ಮುಟ್ಟಿತು. ಸುಂಕ ಮತ್ತು ತೆರಿಗೆ ಸೇರಿ 890. ಆ ಸುಂಕವನ್ನು ನಮ್ಮ ಪರವಾಗಿ ಕಟ್ಟಿದ ಮಹದುಪಕಾರಕ್ಕೆ ಸಾಗಣೆದಾರನ ನಿರ್ವಹಣಾ ಶುಲ್ಕ 215. ಒಟ್ಟು 3,990 ರೂಪಾಯಿ. ತೋರಿಸಿದ್ದು 2,150; ಕೊಟ್ಟದ್ದು 3,990.

ಸಾಗರ ಸೀಮೆಯ ಓದುಗರಿಗೆ ಇದು ಹೊಸ ಕಥೆಯೇ? ನಮ್ಮ ಅಜ್ಜಂದಿರಿಗೆ ಈ ಕಥೆ ಗೊತ್ತಿತ್ತು. ಗೇಣಿಯ ಮಾತು ಆಡುವಾಗ ಕೊಳಗದ ಎಣಿಕೆ ಒಂದು; ಕಣದಲ್ಲಿ ಬತ್ತ ಅಳೆಯುವಾಗ ಒಡೆಯನ ಕೊಳಗದ ಹೊಟ್ಟೆ ಮತ್ತೊಂದು. ಎಣಿಕೆ ಸರಿಯಾಗಿಯೇ ಇರುತ್ತದೆ, ಕೊಳಗ ಮಾತ್ರ ದೊಡ್ಡದಾಗಿರುತ್ತದೆ. 1951ರಲ್ಲಿ ಕಾಗೋಡಿನ ರೈತರು ಎದ್ದು ನಿಂತದ್ದು ಈ ಅಳತೆಯ ಮೋಸದ ಎದುರಿಗೆ. ಶಾಂತವೇರಿ ಗೋಪಾಲಗೌಡರು ಅವರ ಜೊತೆ ನಿಂತರು. ರಾಮಮನೋಹರ ಲೋಹಿಯಾ ಅವರು ಆ ವರ್ಷದ ಜೂನಿನಲ್ಲಿ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಜನ ಕೇಳಿದ್ದು ಆಕಾಶದ ನಕ್ಷತ್ರವನ್ನಲ್ಲ. ಹೇಳಿದ ಕೊಳಗವೂ ಅಳೆಯುವ ಕೊಳಗವೂ ಒಂದೇ ಆಗಿರಲಿ ಎಂಬ ಮಾತಿನಿಂದಲೇ ಭೂಮಿಯ ಒಡೆತನದ ಪ್ರಶ್ನೆ ಹುಟ್ಟಿತು.

ಇಂದು ಒಡೆಯ ಕಣದಲ್ಲಿ ನಿಂತಿಲ್ಲ. ಅವನು ಸಮುದ್ರದಾಚೆ ಇದ್ದಾನೆ, ಅವನ ಮುಖ ಕಾಣುವುದಿಲ್ಲ, ಅವನ ಕೊಳಗ ಪರದೆಯ ಮೇಲಿದೆ. ನೀವು ಹತ್ತಿರ ಹೋದಷ್ಟೂ ಆ ಕೊಳಗದ ಹೊಟ್ಟೆ ಬೆಳೆಯುತ್ತದೆ. ಸುಂಕ ಕೊಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಅದನ್ನು ಮೊದಲೇ ಸೇರಿಸಿ ಹೇಳು ಎಂಬುದಷ್ಟೇ ನನ್ನ ಜಗಳ.

ಇಲ್ಲಿ ಒಂದು ಮಾತನ್ನು ಮುಚ್ಚಿಡಲಾರೆ. ಪಾರ್ಸೆಲ್ಲಿನ ಮೇಲೆ "ಉಡುಗೊರೆ, ಬೆಲೆ ಅಲ್ಪ" ಎಂದು ಬರೆದು ಕಳಿಸುತ್ತೇನೆ, ಸುಂಕ ತಪ್ಪುತ್ತದೆ ಎಂದು ಆ ಮಾರಾಟಗಾರ ಸೂಚಿಸಿದ. ನಾನು ಬೇಡವೆಂದೆ. ಇಂಥ ಸುಳ್ಳು ಉಡುಗೊರೆಗಳ ಹಾವಳಿ ಹೆಚ್ಚಿದ್ದರಿಂದಲೇ 2019ರ ಡಿಸೆಂಬರಿನಲ್ಲಿ ಭಾರತ ಸರಕಾರ, 5,000 ರೂಪಾಯಿವರೆಗಿನ ಉಡುಗೊರೆಗೆ ಇದ್ದ ವಿನಾಯಿತಿಯನ್ನು ತೆಗೆದು, ಜೀವರಕ್ಷಕ ಔಷಧಿ ಮತ್ತು ರಾಖಿ ಮಾತ್ರ ಬರಲಿ ಎಂದು ಕಟ್ಟು ಮಾಡಿತು. ದೊಡ್ಡವರ ತೆರಿಗೆಗಳ್ಳತನದ ಮೇಲೆ ಭಾಷಣ ಮಾಡುವವನು ಎಂಟುನೂರು ರೂಪಾಯಿಗಾಗಿ ಸುಳ್ಳು ಚೀಟಿ ಅಂಟಿಸಲೆ?

ಒತ್ತಕ್ಷರ ಸತ್ತ ಕಥೆ

ಪೆಟ್ಟಿಗೆ ಬಿಚ್ಚಿದೆವು. ಭಾರವಾದ, ಗಟ್ಟಿಯಾದ ಸಾಮಾನು. ತಂಗಿ ಮುಖ ಅರಳಿಸಿಕೊಂಡು ಕುಳಿತಳು. ಕೆಲಸ ಪ್ರಾರಂಭಿಸಿದ ಎರಡು ನಿಮಿಷದಲ್ಲಿ ಕೈ ನಿಲ್ಲಿಸಿದಳು. ಪರದೆಯ ಮೇಲೆ "ಹಕಕು" ಎಂದಿತ್ತು. ಹಕ್ಕು ಎಂದು ಬರೆಯಹೋದರೆ ಹಕಕು. ಒಕ್ಕಲು ಎಂದರೆ ಒಕಕಲು. ಅಮ್ಮ ಎಂದರೆ ಅಮಮ. ಕನ್ನಡ ಎಂದರೆ ಕನನಡ!

ಕೆಟ್ಟಿದ್ದದ್ದು ಒಂದೇ ಗುಂಡಿ, ಇಂಗ್ಲಿಷಿನ ಎಫ್. ಇಂಗ್ಲಿಷಿನವನಿಗೆ ಅದು ಇಪ್ಪತ್ತಾರರಲ್ಲಿ ಒಂದು. ನಮಗೆ ಅದು ಹಾಗಲ್ಲ. ಕಿನ್ನಿಕಂಬಳ ಪದ್ಮನಾಭ ರಾಯರು, ಎಲ್ಲರೂ ಕೆ. ಪಿ. ರಾವ್ ಎಂದು ಬಲ್ಲವರು, ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ಅಕ್ಷರಕ್ಕೆ ಅಕ್ಷರ ಜೋಡಿಸಿ ಒತ್ತು ಕೊಡುವ ಗುಂಡಿ ಅದೇ. ಕ ಒತ್ತಿ, ಎಫ್ ಒತ್ತಿ, ಮತ್ತೆ ಕ ಒತ್ತಿದರೆ ಕ್ಕ. ಆ ಒಂದು ಗುಂಡಿ ಸತ್ತರೆ ಕನ್ನಡದ ಒತ್ತಕ್ಷರಗಳೆಲ್ಲ ಸತ್ತಂತೆ. ಮಾರಾಟಗಾರನಿಗೆ ಬರೆದೆ. ಮೊದಲು ವೀಡಿಯೋ ಕೇಳಿದ. ಕಳಿಸಿದೆ. ಆಮೇಲೆ, ಸಾಮಾನನ್ನು ನಿಮ್ಮ ಖರ್ಚಿನಲ್ಲಿ ವಾಪಸು ಕಳಿಸಿ ಎಂದ. ಕಳಿಸುವ ಖರ್ಚು ಕೇಳಿದರೆ ಸಾಮಾನಿನ ಬೆಲೆಯನ್ನು ಮೀರುತ್ತದೆ. ಕೊನೆಗೆ, ಒಂದೇ ಗುಂಡಿಯಲ್ಲವೆ, ನೂರು ರೂಪಾಯಿ ಹಿಂತಿರುಗಿಸುತ್ತೇನೆ, ಜಗಳ ಮುಗಿಸಿ ಎಂದ. ಕನ್ನಡದ ಒತ್ತಕ್ಷರಗಳಿಗೆಲ್ಲ ಸೇರಿ ನೂರು ರೂಪಾಯಿ!

ಕಾನೂನು ಇಲ್ಲವೆ ಎಂದರೆ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. 2020ರ ಇ-ವಾಣಿಜ್ಯ ನಿಯಮಗಳು, ಈ ದೇಶದಲ್ಲಿ ನೆಲೆಯಿಲ್ಲದೆ ಇಲ್ಲಿಯ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾರುವವರಿಗೂ ಅನ್ವಯಿಸುತ್ತವೆ ಎಂದು ಬರೆದಿದೆ. ಬರೆದದ್ದು ಚೆನ್ನಾಗಿದೆ. ಆದರೆ ಗ್ವಾಂಗ್‌ಡಾಂಗಿನ ಯಾವುದೋ ಓಣಿಯ ಮಳಿಗೆಗೆ ಶಿವಮೊಗ್ಗೆಯ ಆಯೋಗದ ನೋಟೀಸು ಮುಟ್ಟಿಸುವವರು ಯಾರು? ಕಾಯಿದೆಯ ಕೈ ಉದ್ದವಿದೆ, ಬೆರಳು ತಲುಪುವುದಿಲ್ಲ.

ಸಾಮಾನು ಸರಿಯಾದದ್ದು ಹೇಗೆ ಗೊತ್ತೆ? ಸಾಗರದ ಪೇಟೆಯಲ್ಲಿ ಮೊಬೈಲು ರಿಪೇರಿ ಮಾಡುವ ಒಬ್ಬ ಹುಡುಗ ಅದನ್ನು ನೋಡಿದ. ಈ ಬಗೆಯ ಕೀಬೋರ್ಡಿನಲ್ಲಿ ಸ್ವಿಚ್ಚುಗಳನ್ನು ಬೆಸುಗೆ ಬಿಚ್ಚದೆ ಚಿಮಟದಿಂದ ಕಿತ್ತು ಹಾಕಬಹುದು. ನಾವು ಎಂದೂ ಮುಟ್ಟದ 'ಪಾಸ್' ಎಂಬ ಗುಂಡಿಯ ಸ್ವಿಚ್ಚನ್ನು ಕಿತ್ತು ಎಫ್ ಗುಂಡಿಯ ಕೆಳಗೆ ಕೂರಿಸಿದ. ಎರಡು ನಿಮಿಷದ ಕೆಲಸ. ದುಡ್ಡು ಬೇಡವೆಂದ, ಒಂದು ಚಹ ಕುಡಿದ. ಸಮುದ್ರದಾಚೆಯವನು ಆರು ವಾರದಲ್ಲಿ ಕೊಡದ ಪರಿಹಾರವನ್ನು ಸಾಗರದ ಹುಡುಗ ಒಂದು ಚಹಕ್ಕೆ ಕೊಟ್ಟ. ಆ ದಿನ ತಂಗಿ ಮೊದಲು ಬರೆದ ಶಬ್ದ "ಹಕ್ಕು".

ದೇಶಭಕ್ತರಿಗೆ ಉತ್ತರ

ಈಗ ಆರೋಪ ಹೊರಿಸಿದ ಹಿರಿಯರ ಕಡೆ ತಿರುಗುತ್ತೇನೆ. ಚೀನಾದ ಸಾಮಾನು ಏಕೆ ಕೊಂಡೆ ಎಂದು ಕೇಳುತ್ತೀರಿ. ಅಣ್ಣ, ನಿಮ್ಮ ಜೇಬಿನಲ್ಲಿರುವ ಫೋನಿನ ಹೊಟ್ಟೆ ಬಿಚ್ಚಿ ನೋಡಿದ್ದೀರಾ? ಬೆಂಗಳೂರಿನ ಅಂಗಡಿಯಲ್ಲಿ ಭಾರತದ ಹೆಸರಿಟ್ಟು ಮಾರುವ ಮೆಕ್ಯಾನಿಕಲ್ ಕೀಬೋರ್ಡಿನ ಪೆಟ್ಟಿಗೆಯನ್ನು ತಿರುವಿ, ಸಣ್ಣ ಅಕ್ಷರದಲ್ಲಿ ಆಮದುದಾರನ ಹೆಸರು ಮತ್ತು ತಯಾರಾದ ದೇಶದ ಹೆಸರು ಇರುವ ಸಾಲನ್ನು ಓದಿದ್ದೀರಾ? ನಾನು ಓದಿದೆ. ಹೆಸರು ಮಾತ್ರ ನಮ್ಮದು. ಸ್ವಿಚ್ಚು, ಹಲಗೆ, ಗುಂಡಿ ಎಲ್ಲ ಅಲ್ಲಿಯದೇ. 2020ರ ನವೆಂಬರಿನಲ್ಲಿ ಸರಕಾರ ಅಲಿಎಕ್ಸ್‌ಪ್ರೆಸ್ ಸೇರಿದಂತೆ 43 ಆ್ಯಪ್‌ಗಳನ್ನು ಮುಚ್ಚಿತು. ಪೇಟೆಯಲ್ಲಿ ಪಟಾಕಿ ಹೊಡೆದವರೂ ಉಂಟು. ಆದರೆ ಸಾಮಾನು ನಿಂತಿತೆ? ಬಡವ ನೇರವಾಗಿ ತರಿಸಿಕೊಳ್ಳುತ್ತಿದ್ದ ಒಂದು ಕಿಟಕಿ ಮುಚ್ಚಿತು. ದೊಡ್ಡ ಆಮದುದಾರನ ಹೆಬ್ಬಾಗಿಲು ತೆರೆದೇ ಇತ್ತು.

ಗಾಂಧಿಯವರು ವಿದೇಶಿ ಬಟ್ಟೆ ಬಿಡಿ ಎಂದಾಗ ಇನ್ನೊಂದು ಕೈಯಲ್ಲಿ ಚರಕ ಹಿಡಿದಿದ್ದರು. ಚರಕವಿಲ್ಲದ ಬಹಿಷ್ಕಾರದಿಂದ ಲಾಭ ಮಧ್ಯವರ್ತಿಗೆ ಮಾತ್ರ. ಇಂದು ಬಹಿಷ್ಕಾರದ ಘೋಷಣೆ ಕೂಗುವವರ ಕೈಯಲ್ಲಿ ಚರಕ ಎಲ್ಲಿದೆ? ಆ ಚೀನಾದ ಕಾರ್ಖಾನೆಯಲ್ಲಿ ಸಾಲಾಗಿ ಕುಳಿತು ಸ್ವಿಚ್ಚು ಜೋಡಿಸುವ ಹೆಣ್ಣುಮಗಳು ನಮ್ಮ ಶತ್ರುವಲ್ಲ. ಅವಳ ಬೆರಳಿನ ಕೂಲಿಯನ್ನೂ ನಮ್ಮ ತಂಗಿಯ ಬೆರಳಿನ ಕೂಲಿಯನ್ನೂ ನಡುವೆ ನಿಂತು ತಿನ್ನುವವನ ಮೇಲೆ ನಮ್ಮ ಸಿಟ್ಟು. ಕಾರ್ಖಾನೆಯ ಮಾಲಿನ ಬೆಲೆ ಅದನ್ನು ತಯಾರಿಸಿದ ಖರ್ಚಿನ ಒಂದೂವರೆ ಪಟ್ಟು ಮೀರಬಾರದು ಎಂದು ಲೋಹಿಯಾ ವಾದಿಸಿದರು. ಆ ಅಳತೆಗೋಲು ಹಿಡಿದರೆ ಸಮುದ್ರದಾಚೆಯ ಅಂಗಡಿ, ಈಚೆಯ ಅಂಗಡಿ ಎರಡರ ಬಣ್ಣವೂ ಬಯಲಾದೀತು.

ನನ್ನ ತಪ್ಪು

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನು ಒಪ್ಪಿಕೊಳ್ಳುವ ಬಾರಿ. ಲೆಕ್ಕವೆಲ್ಲ ಮುಗಿದ ಮೇಲೆ ವಿಚಾರಿಸಿದೆ. ಇಂಥದೇ ಸಾಮಾನು, ಒಂದು ವರ್ಷದ ಖಾತರಿ ಸಹಿತ, ಬೆಂಗಳೂರಿನಲ್ಲಿ 4,200 ರೂಪಾಯಿಗೆ ಸಿಗುತ್ತಿತ್ತು. ನಾನು ಉಳಿಸಿದ್ದು 210 ರೂಪಾಯಿ. ಆ 210ಕ್ಕಾಗಿ ಖಾತರಿ ಕಳೆದುಕೊಂಡೆ, ಆರು ವಾರ ಕಳೆದೆ, ಆ ಆರು ವಾರ ಜನರ ಅರ್ಜಿಗಳು ಕಾದವು. ತೋರಿಸಿದ ಬೆಲೆಯನ್ನು ಮಾತ್ರ ನೋಡಿ, ಪೂರ್ತಿ ಬೆಲೆ ವಿಚಾರಿಸದೆ, ಸಮಿತಿಯಲ್ಲಿ ಇಡದೆ ಒಬ್ಬನೇ ನಿರ್ಧಾರ ಮಾಡಿದೆ. ಕಾಗೋಡಿನ ಕಥೆಯನ್ನು ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು ಸ್ವತಃ ಕೊಳಗವನ್ನು ಅಳೆದು ನೋಡಲಿಲ್ಲ. ತೋರಿಸಿದ ಬೆಲೆಗೂ ಕೊಟ್ಟ ಬೆಲೆಗೂ ನಡುವಿನ 1,840 ರೂಪಾಯಿಯನ್ನು ನಾಲ್ಕು ಕಂತುಗಳಲ್ಲಿ, ಕಂತಿಗೆ 460ರಂತೆ, ಪಕ್ಷದ ನಿಧಿಗೆ ನಾನು ಕಟ್ಟುತ್ತೇನೆ. ಮೊದಲ ಕಂತು ಕಟ್ಟಿದ್ದೇನೆ, ರಸೀತಿ ಕಚೇರಿಯಲ್ಲಿದೆ.

ಆದರೆ ಮೂರನೆಯ ಆರೋಪವಿದೆಯಲ್ಲ, ಕನ್ನಡ ಅಕ್ಷರವಿಲ್ಲದ ಕೀಬೋರ್ಡು ಎಂಬುದು, ಅದನ್ನು ನನ್ನ ತಲೆಗೆ ಕಟ್ಟಲು ನಾನು ಬಿಡುವುದಿಲ್ಲ.

ಕನ್ನಡವಿಲ್ಲದ ಗುಂಡಿ

ಅಮೆರಿಕದ ಷೋಲ್ಸ್ ಎಂಬಾತ ರೂಪಿಸಿ ರೆಮಿಂಗ್ಟನ್ ಕಾರ್ಖಾನೆ 1874ರಲ್ಲಿ ಮಾರಾಟಕ್ಕಿಟ್ಟ ಬೆರಳಚ್ಚು ಯಂತ್ರದ ಅಕ್ಷರ ಸಾಲು ಇಂದಿಗೂ ಲೋಕದ ಕೀಬೋರ್ಡುಗಳ ಮೇಲೆ ಕುಳಿತಿದೆ. ಕನ್ನಡಕ್ಕೂ ಬೆರಳಚ್ಚು ಯಂತ್ರ ಬಂತು. ಕೆ. ಅನಂತಸುಬ್ಬರಾಯರು ಅದಕ್ಕೆ ಕೀಲಿಮಣೆ ರೂಪಿಸಿದರು. ಗುಂಡಿ ಗುಂಡಿಯ ಮೇಲೆ ಕನ್ನಡ ಅಕ್ಷರ. ನಮ್ಮ ಊರಿನ ಟೈಪಿಂಗ್ ಶಾಲೆಗಳಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆಗೆ ಕುಳಿತ ಅಕ್ಕಂದಿರನ್ನು ಕೇಳಿ, ಆ ಶಬ್ದ ಅವರ ಕಿವಿಯಲ್ಲಿ ಇನ್ನೂ ಇದೆ.

ಆಮೇಲೆ ಕಂಪ್ಯೂಟರು ಬಂತು, ಅಕ್ಷರ ಹೋಯಿತು. ವಿನ್ಯಾಸವಿಲ್ಲ ಎಂದೇನಲ್ಲ. ಕೇಂದ್ರ ಸರಕಾರದ ಇನ್‌ಸ್ಕ್ರಿಪ್ಟ್ ಇದೆ. 1991ರಲ್ಲಿ ಅದು ಭಾರತೀಯ ಮಾನಕವಾಯಿತು. ಕೆ. ಪಿ. ರಾಯರ ವಿನ್ಯಾಸವನ್ನು ಕರ್ನಾಟಕ ಸರಕಾರವೇ ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಅದು ಮನೆ ಮನೆಗೆ ಹೋಯಿತು. ಅದರ ಚೆಲುವು ನೋಡಿ: ಹೊಸ ಗುಂಡಿ ಒಂದೂ ಬೇಡ, ಇಪ್ಪತ್ತಾರೇ ಸಾಕು. ಕೆ ಒತ್ತಿದರೆ ಕ, ಮೇಲಿನಕ್ಷರದ ಕೆ ಒತ್ತಿದರೆ ಖ. ಕ್ಯು ಗುಂಡಿಯಲ್ಲಿ ಟ, ಡಬ್ಲ್ಯು ಗುಂಡಿಯಲ್ಲಿ ಡ. ನಾನು ಹತ್ತನೆಯ ತರಗತಿ ಮುಗಿಸಿದವನು, ಕಂಪ್ಯೂಟರಿನ ಪಂಡಿತನಲ್ಲ. ಆದರೂ ಏಳನೆಯ ಇಯತ್ತೆಯ ಮಕ್ಕಳಿಗೆ ನಾಲ್ಕು ದಿನದಲ್ಲಿ ಕಲಿಸಿದ್ದೇನೆ. ಇದನ್ನು ಬಳಸಲು ಯಾರಿಗೂ ಕಾಸು ಕೊಡಬೇಕಾಗಿಲ್ಲ. ಲಿನಕ್ಸ್‌ನಂತಹ ಮುಕ್ತ ವ್ಯವಸ್ಥೆಯಲ್ಲಿ ಅದು ಸೇರಿಕೊಂಡೇ ಬರುತ್ತದೆ. ಕುಪ್ಪಳಿ ಮನೆತನದ ಪೂರ್ಣಚಂದ್ರ ತೇಜಸ್ವಿಯವರು, ಕಂಪ್ಯೂಟರಿನಲ್ಲಿ ಬಾಳದ ಭಾಷೆಗೆ ಉಳಿವಿಲ್ಲ ಎಂದು ಕನ್ನಡ ತಂತ್ರಾಂಶಕ್ಕಾಗಿ ಕೊನೆಯವರೆಗೂ ಬಡಿದಾಡಿದರು.

ವಿನ್ಯಾಸವಿದೆ, ತಂತ್ರಾಂಶವಿದೆ, 1963ರ ರಾಜಭಾಷಾ ಕಾಯಿದೆಯೂ ಇದೆ. ಇಲ್ಲದ್ದು ಏನು? ಗುಂಡಿಯ ಮೇಲಿನ ಅಕ್ಷರ! ಗ್ವಾಂಗ್‌ಡಾಂಗಿನ ಕಾರ್ಖಾನೆ ಜಪಾನಿನವರಿಗೆ ಜಪಾನಿ ಅಕ್ಷರ, ರಷ್ಯದವರಿಗೆ ರಷ್ಯನ್ ಅಕ್ಷರ, ಅರಬರಿಗೆ ಅರಬ್ಬಿ ಅಕ್ಷರ ಅಚ್ಚು ಹಾಕಿ ಕಳಿಸುತ್ತದೆ. ಅವನಿಗೆ ಕನ್ನಡದ ಮೇಲೆ ದ್ವೇಷವಿಲ್ಲ, ಅವನನ್ನು ಯಾರೂ ಕೇಳಿಲ್ಲ, ಅಷ್ಟೆ. ಕೇಳಬೇಕಾದವರು ಯಾರು? ಲೆಕ್ಕವಿಲ್ಲದಷ್ಟು ಕಂಪ್ಯೂಟರುಗಳನ್ನು ಶಾಲೆಗೆ, ಪಂಚಾಯಿತಿಗೆ, ತಾಲ್ಲೂಕು ಕಚೇರಿಗೆ ಕೊಳ್ಳುವ ಸರಕಾರ ಕೇಳಬೇಕು. ಟೆಂಡರಿನಲ್ಲಿ ಒಂದು ಸಾಲು: "ಗುಂಡಿಗಳ ಮೇಲೆ ಕನ್ನಡ ಅಕ್ಷರ ಇರತಕ್ಕದ್ದು." ಈ ಒಂದು ಸಾಲಿಗೆ ಕ್ರಾಂತಿ ಬೇಕೆ? ಪ್ರತಿ ನವೆಂಬರ್ 1ರಂದು ಬಾವುಟ ಹಾರಿಸುವ ಉತ್ಸಾಹದ ನೂರರಲ್ಲೊಂದು ಪಾಲು ಸಾಕು.

"ಈಗ ಫೋನಿಗೆ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ, ಕೀಬೋರ್ಡು ಯಾರಿಗೆ ಬೇಕು?" ಎನ್ನುವ ಬುದ್ಧಿವಂತರೂ ಇದ್ದಾರೆ. ಸ್ವಾಮಿ, ತೀರ್ಥಹಳ್ಳಿಯ ಅಜ್ಜಿಯ ಮಾತನ್ನು ಆ ಯಂತ್ರಕ್ಕೆ ಕೇಳಿಸಿ ನೋಡಿ. "ಹೊಯಿಗೆ" ಎಂದರೆ "ಹೋಗಿ" ಎಂದು ಬರೆಯುತ್ತದೆ. ಗೆಳೆಯನಿಗೆ ಕಳಿಸುವ ಸಂದೇಶದಲ್ಲಿ ಅದು ತಮಾಷೆ. ಜಮೀನಿನ ಅರ್ಜಿಯಲ್ಲಿ ಅದು ತಮಾಷೆಯಲ್ಲ. 117, 17 ಆದ ಕಥೆ ಮೇಲೆ ಹೇಳಿದ್ದೇನೆ. ಇನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರಾಯಿತು ಎನ್ನುವವರಿಗೆ ಉತ್ತರ ಒಂದೇ: ನಿಮ್ಮ ಹೊಲದ ಪಹಣಿಯನ್ನು ಹಾಗೆ ಬರೆಸಲು ಒಪ್ಪುತ್ತೀರಾ?

ಮಾಡಬೇಕಾದದ್ದು

ದೂರು ಹೇಳಿ ಮನೆಗೆ ಹೋಗುವುದು ನಮ್ಮ ಪದ್ಧತಿಯಲ್ಲ. ಕೆಲವು ಮಾತುಗಳನ್ನು ಮುಂದಿಡುತ್ತೇನೆ, ತೂಗಿ ನೋಡಿ.

ಒಂದು: ಹೊರದೇಶದಿಂದ ತರಿಸುವ ಮುನ್ನ ತೋರಿಸಿದ ಬೆಲೆಯನ್ನು ನಂಬಬೇಡಿ. ಸಾಗಣೆ, ಬ್ಯಾಂಕಿನ ಪಾಲು, ಸುಂಕ, ತೆರಿಗೆ, ನಿರ್ವಹಣೆ ಎಲ್ಲವನ್ನೂ ಒಂದು ಕಾಗದದ ಮೇಲೆ ಕೂಡಿಸಿ, ಊರಿನ ಬೆಲೆಯ ಪಕ್ಕದಲ್ಲಿ ಬರೆಯಿರಿ. ವಾಪಸಿನ ಖರ್ಚು ಯಾರದು ಎಂಬುದನ್ನು ಹಣ ಕೊಡುವ ಮೊದಲು ಓದಿ. ಸುಳ್ಳು ಉಡುಗೊರೆಗೆ ಒಪ್ಪಬೇಡಿ. ತಂತಿಯಿಲ್ಲದ ಕೀಬೋರ್ಡಿಗೆ ಭಾರತೀಯ ಮಾನಕ ಸಂಸ್ಥೆಯ ನೋಂದಣಿ ಬೇಕೆಂದು 2012ರ ಆದೇಶವೇ ಹೇಳಿತ್ತು. ಹಾಗಾಗಿ ತಂತಿ ಇರುವುದೇ ಕ್ಷೇಮ, ಅಗ್ಗವೂ ಹೌದು. ಸ್ವಿಚ್ಚು ಕಿತ್ತು ಹಾಕಲು ಬರುವ ಮಾದರಿಯನ್ನೇ ಆರಿಸಿ. ಕೆಟ್ಟಾಗ ನಿಮ್ಮ ಊರಿನ ಹುಡುಗನೇ ಸರಿ ಮಾಡಿಯಾನು.

ಎರಡು: ಕೊಳಗ, ಸೇರು, ತಕ್ಕಡಿಗಳಿಗೆ ಮುದ್ರೆ ಹಾಕಿದ ಅಳತೆ ಮತ್ತು ತೂಕದ ಇಲಾಖೆಗೆ ಇಂದು 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ ಇದೆ. ಅಂಗಡಿಯ ಪೊಟ್ಟಣದ ಮೇಲೆ ಎಲ್ಲ ತೆರಿಗೆ ಸೇರಿದ ಬೆಲೆ ಇರಲೇಬೇಕೆಂಬ ನಿಯಮವಿದೆ. ಪರದೆಯ ಮೇಲೆ ಈ ದೇಶದ ಗ್ರಾಹಕನಿಗೆ ತೋರಿಸುವ ಮೊದಲ ಬೆಲೆಯೂ ಹಾಗೆಯೇ ಸುಂಕ, ತೆರಿಗೆ, ಸಾಗಣೆ ಸೇರಿದ ಬೆಲೆಯಾಗಿರಬೇಕು. ಮುದ್ರೆಯಿಲ್ಲದ ಕೊಳಗವನ್ನು ಸಂತೆಯಲ್ಲಿ ಬಿಡದ ಸರಕಾರ ಪರದೆಯ ಮೇಲೆ ಏಕೆ ಬಿಡುತ್ತದೆ?

ಮೂರು: ಸರಕಾರದ ಹಣದಿಂದ ಕೊಳ್ಳುವ ಪ್ರತಿ ಕೀಬೋರ್ಡಿನ ಮೇಲೂ ಕನ್ನಡ ಅಕ್ಷರ ಅಚ್ಚಾಗಿರಬೇಕು. ಮೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳಲ್ಲಿ ಈ ನಿರ್ಣಯ ಮಂಡಿಸಲು ನಮ್ಮ ಸದಸ್ಯರು ಮುಂದಾಗಬೇಕು. ಅರ್ಜಿಯ ಮಾದರಿ ಕಚೇರಿಯಲ್ಲಿ ಸಿದ್ಧವಿದೆ, ಒತ್ತಕ್ಷರ ಸಹಿತ.

ನಾಲ್ಕು: ಒಬ್ಬೊಬ್ಬರೇ ಹೋಗಿ ಮೋಸ ಹೋಗುವುದು ಸಾಕು. ಅಡಿಕೆಯನ್ನು ಒಬ್ಬೊಬ್ಬರೇ ಮಂಡಿಗೆ ಒಯ್ದಾಗ ಏನಾಗುತ್ತಿತ್ತು, ಮ್ಯಾಮ್‌ಕೋಸ್‌ನಂತಹ ಸಹಕಾರಿ ಸಂಘ ಬಂದ ಮೇಲೆ ಏನಾಯಿತು ಎಂಬುದು ಮಲೆನಾಡಿನವರಿಗೆ ಗೊತ್ತು. ಮಾರುವುದಕ್ಕೆ ಸಹಕಾರ ಬಂದಂತೆ ಕೊಳ್ಳುವುದಕ್ಕೂ ಬರಲಿ. ಟೈಪು ಮಾಡುವವರು, ಶಾಲೆಯವರು, ಪತ್ರಿಕೆಯವರು ಐವತ್ತು ಮಂದಿ ಸೇರಿದರೆ ಐವತ್ತು ಸಾಮಾನಿಗೆ ಬೆಲೆ ಕೇಳಬಹುದು, ಖಾತರಿ ಕೇಳಬಹುದು, ಅಕ್ಷರ ಕೇಳಬಹುದು.

ಐದು: ದೊಡ್ಡ ಕಾರ್ಖಾನೆಗಾಗಿ ಕಾಯದೆ, ಹಳ್ಳಿಯಲ್ಲಿ ವಿದ್ಯುತ್ತಿನಿಂದ ನಡೆಯುವ ಸಣ್ಣ ಯಂತ್ರಗಳು ಬೇಕು ಎಂದರು ಲೋಹಿಯಾ. ಸ್ವಿಚ್ಚನ್ನು ನಾವು ನಾಳೆಯೇ ಮಾಡಲಾರೆವು, ಒಪ್ಪುತ್ತೇನೆ. ಆದರೆ ಬಿಡಿಭಾಗ ತರಿಸಿ ಜೋಡಿಸುವುದು, ಹಲಗೆಗೆ ಬೆಸುಗೆ ಹಾಕುವುದು, ಗುಂಡಿಯ ಮೇಲೆ ಅಕ್ಷರ ಕೊರೆಯುವುದು ಇವು ಐಟಿಐ ಕಲಿತ ಹುಡುಗ ಹುಡುಗಿಯರಿಗೆ ಅಸಾಧ್ಯವೆ? ಕೀಬೋರ್ಡಿನ ಮೆದುಳಿಗೆ ಬೇಕಾದ ತಂತ್ರಾಂಶ ಮುಕ್ತವಾಗಿ, ಬಿಟ್ಟಿಯಾಗಿ ಸಿಗುತ್ತದೆ. ಗಂಧದ ತುಂಡಿನ ಮೇಲೆ ಕೂದಲೆಳೆಯಷ್ಟು ಬಳ್ಳಿ ಬಿಡಿಸುವ ಗುಡಿಗಾರರ ಊರು ಸಾಗರ. ಒಂದು ಗುಂಡಿಯ ಮೇಲೆ "ಕ" ಎಂದು ಕೊರೆಯುವ ಕೈ ಇಲ್ಲಿ ಸಿಗದೆ?

ನಮ್ಮ ಕಚೇರಿಯ ಕೀಬೋರ್ಡಿನ ಮೇಲೆ ಈಗ ಕನ್ನಡ ಅಕ್ಷರಗಳಿವೆ. ತಂಗಿ ಸಣ್ಣ ಕಾಗದದ ಚೂರುಗಳ ಮೇಲೆ ಬರೆದು, ಅಂಟಿನ ಟೇಪು ಹಚ್ಚಿ ಕೂರಿಸಿದ್ದಾಳೆ. ಮಳೆಗೆ ಕೆಲವು ಏಳುತ್ತವೆ, ಮತ್ತೆ ಹಚ್ಚುತ್ತಾಳೆ. ಆ ವಿಧವೆ ತಾಯಿಯ ಎರಡನೆಯ ಅರ್ಜಿ ಅದರಿಂದಲೇ ಹೋಯಿತು, 117 ಎಂದು ಸರಿಯಾಗಿ. ಉತ್ತರ ಇನ್ನೂ ಬಂದಿಲ್ಲ. ಅದು ಬರುವವರೆಗೆ ನಮ್ಮ ಜಗಳ ಆ ಕಚೇರಿಯ ಜೊತೆ. ಅದು ಬಂದ ಮೇಲೆ ಉಳಿದ ಕೊಳಗಗಳ ಜೊತೆ.

ಆರೋಪ ಹೊರಿಸಿದ ಹಿರಿಯರು ಒಮ್ಮೆ ಕಚೇರಿಗೆ ಬರಬೇಕು. ಅವರಲ್ಲಿಯೂ ಮೂರು ತಲೆಮಾರಿನ ಒಂದು ಅರ್ಜಿ ಬಾಕಿ ಇದೆ ಎಂದು ಕೇಳಿದ್ದೇನೆ. ತಂಗಿ ಬರೆದುಕೊಡುತ್ತಾಳೆ.